ಅರ್ಜಿ ಬರೆಯುವವರು ಬದಲಾದರೆ: ಎಂಬೆಡೆಡ್ ಲಿನಕ್ಸ್‌ನಲ್ಲಿ ಗ್ಲಿಬ್‌ಸಿ ಅಪ್‌ಡೇಟ್

ತೀರ್ಥಹಳ್ಳಿ ದಾಟಿ ಆಗುಂಬೆ ಕಡೆಗೆ ಹೋಗುವಾಗ ಸಿಗುವ ಕೆಲವು ಅಡಿಕೆ ತೋಟಗಳಲ್ಲಿ ನಮ್ಮ ಒಂಬತ್ತು ಪೆಟ್ಟಿಗೆಗಳಿವೆ. ಒಂದೊಂದರ ಒಳಗೂ ಅಂಗೈ ಅಗಲದ ಒಂದು 32 ಬಿಟ್ ಆರ್ಮ್ ಬೋರ್ಡು, ಒಂದು ಬ್ಯಾಟರಿ, ಒಂದು ಮೋಡೆಮ್. ಮೇಲೆ ಮಳೆಮಾಪಕ. ಅದರ ಪುಟ್ಟ ಬಟ್ಟಲು 0.2 ಮಿಲಿಮೀಟರ್ ಮಳೆಗೆ ಒಮ್ಮೆ ಮಗುಚುತ್ತದೆ. ಎಷ್ಟು ಸಲ ಮಗುಚಿತು ಅಂತ ಎಣಿಸಿ ಶಿವಮೊಗ್ಗದಲ್ಲಿರುವ ಸರ್ವರಿಗೆ ಕಳಿಸುವುದು, ಅಷ್ಟೇ ಕೆಲಸ. ಅಡಿಕೆಗೆ ಬೋರ್ಡೋ ಔಷಧಿ ಹೊಡೆಸಲು, ಮರ ಹತ್ತುವ ಕೊನೆಗೌಡರನ್ನು ನಾಳೆಯೇ ಕರೆಯಬೇಕಾ, ಎರಡು ದಿನ ಕಾಯಬೇಕಾ ಅಂತ ತೋಟದವರು ಈ ಲೆಕ್ಕ ನೋಡಿ ತೀರ್ಮಾನಿಸುತ್ತಾರೆ.

2020ರ ಬೇಸಿಗೆ. ಲಾಕ್‌ಡೌನ್. ಮನೆಯಲ್ಲಿ ಕೂತು ಕೂತು ಬೇಸರವಾಗಿ ಈ ಪೆಟ್ಟಿಗೆಗಳ ಸಾಫ್ಟ್‌ವೇರ್‌ಗೆ ಕೈ ಹಾಕಿದೆ. ಗ್ಲಿಬ್‌ಸಿ ಅನ್ನುವ ಲೈಬ್ರರಿಯ ಹೊಸ ರೆಸಿಪಿ, ಅಂದರೆ ಅದನ್ನು ಕಟ್ಟುವ ವಿಧಾನ ಬರೆದ ಫೈಲ್, ತಂದು, ಒಂದು ಸಾಲಿನಲ್ಲಿ 2.30 ಅಂತ ಇದ್ದದ್ದನ್ನು 2.31 ಮಾಡಿದೆ. ಯಾಕೆ ಅಂತ ಕೇಳಿದರೆ, ಹೊಸದು ಬಂದಿದೆ ಅಂತ. ಬೇರೆ ಕಾರಣ ಇರಲಿಲ್ಲ.

ಒಂದು ಪೆಟ್ಟಿಗೆಗೆ ಹೊಸ ಇಮೇಜ್, ಅಂದರೆ ಇಡೀ ಸಿಸ್ಟಂ ತುಂಬಿದ ಒಂದು ಫೈಲ್, ಕಳಿಸಿದೆ. ಎಲ್ಲ ಸರಿ ಇತ್ತು. ಮಳೆಯ ಲೆಕ್ಕ ಬಂತು. ಬ್ಯಾಟರಿಯ ವೋಲ್ಟೇಜ್ ಬಂತು. ಆದರೆ ದೂರದಿಂದಲೇ ಲಾಗಿನ್ ಆಗುವ ಎಸ್‌ಎಸ್‌ಎಚ್ ಮೂಲಕ ಒಳಗೆ ಹೋಗಲು ನೋಡಿದರೆ, ಪಾಸ್‌ವರ್ಡ್ ಕೇಳುವ ಮೊದಲೇ ಸಂಪರ್ಕ ಕಡಿದುಹೋಗುತ್ತಿತ್ತು. ಮುಂದಿನ ಅಪ್‌ಡೇಟ್ ಕಳಿಸಬೇಕಾದರೂ ಅದೇ ಬಾಗಿಲು. ಪೆಟ್ಟಿಗೆ ಒಳಗಿನಿಂದ ಚಿಲಕ ಹಾಕಿಕೊಂಡು ಆರಾಮಾಗಿ ಮಳೆ ಎಣಿಸುತ್ತಾ ಕೂತಿತ್ತು. ಜೂನ್‌ನಲ್ಲಿ ಲ್ಯಾಪ್‌ಟಾಪ್, ಸೀರಿಯಲ್ ಕೇಬಲ್ ಹೊತ್ತು ತೋಟಕ್ಕೆ ಹೋದೆ. ಕಾಲಿಗೆ ಹತ್ತಿದ ಉಂಬಳ ಕೀಳುತ್ತಾ, ಕೊಡೆಯ ಕೆಳಗೆ ಕೂತು, ಹಳೇ ಇಮೇಜ್ ವಾಪಸ್ ಹಾಕಿದೆ.

ಒಂದು ಸಾಲಿಗೆ ಇಷ್ಟೆಲ್ಲ ಆಗಿದ್ದು ಯಾಕೆ ಅಂತ ಹೇಳಬೇಕಾದರೆ ಗ್ಲಿಬ್‌ಸಿ ಏನು ಮಾಡುತ್ತದೆ ಅನ್ನುವುದರಿಂದಲೇ ಶುರು ಮಾಡಬೇಕು.

ತಾಲ್ಲೂಕು ಕಚೇರಿಯ ಎದುರು ಮರದ ಕೆಳಗೆ ಅರ್ಜಿ ಬರೆದುಕೊಡುವವರು ಕೂತಿರುತ್ತಾರಲ್ಲ, ಅವರನ್ನು ನೆನಪಿಸಿಕೊಳ್ಳಿ. ನಿಮಗೆ ಪಹಣಿ ಬೇಕು. ಯಾವ ಫಾರಂ, ಯಾವ ಕಿಟಕಿ, ಎಲ್ಲಿ ಸಹಿ ಅಂತ ನಿಮಗೆ ಗೊತ್ತಿಲ್ಲ. "ಪಹಣಿ ಬೇಕು" ಅಂತ ಹೇಳಿದರೆ ಸಾಕು, ಉಳಿದದ್ದು ಅವರು ನೋಡಿಕೊಳ್ಳುತ್ತಾರೆ. ಲಿನಕ್ಸ್‌ನಲ್ಲಿ ಕಚೇರಿ ಅಂದರೆ ಕರ್ನಲ್. ಅದು ಅರ್ಥ ಮಾಡಿಕೊಳ್ಳುವ ಫಾರಂಗಳಿಗೆ ಸಿಸ್ಟಂ ಕಾಲ್ ಅಂತ ಹೆಸರು. ಫೈಲ್ ತೆರೆಯುವುದು, ಮೆಮೊರಿ ಕೇಳುವುದು, ಎರಡು ಸೆಕೆಂಡ್ ನಿದ್ದೆ ಮಾಡುವುದು, ಪ್ರತಿಯೊಂದಕ್ಕೂ ಒಂದು ಫಾರಂ. ಪ್ರೋಗ್ರಾಂಗಳು ಸಾಮಾನ್ಯವಾಗಿ ನೇರವಾಗಿ ಕಿಟಕಿಗೆ ಹೋಗುವುದಿಲ್ಲ. ಸಿ ಲೈಬ್ರರಿಗೆ ಹೇಳುತ್ತವೆ, ಅದು ಫಾರಂ ತುಂಬಿ ಕರ್ನಲ್‌ಗೆ ಕೊಡುತ್ತದೆ. ಆ ಸಿ ಲೈಬ್ರರಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಗ್ನೂ ಯೋಜನೆಯ ಗ್ಲಿಬ್‌ಸಿ. ಮಸ್ಲ್ ಅಂತ ಇನ್ನೊಂದಿದೆ, ಚಿಕ್ಕದು. ರೌಟರ್‌ಗಳಲ್ಲಿ ಕೂರುವ ಓಪನ್‌ಡಬ್ಲ್ಯೂಆರ್‌ಟಿ ಅದನ್ನೇ ಬಳಸುತ್ತದೆ.

ಈಗ ನಮ್ಮ ಪೆಟ್ಟಿಗೆಯ ಕಥೆಗೆ ಬನ್ನಿ. ಲಾಗಿನ್ ಸಮಯದಲ್ಲಿ ಎಸ್‌ಎಸ್‌ಎಚ್ ಸರ್ವರ್ ಒಂದು ಕ್ಷಣ ಬೇಕಂತಲೇ ನಿದ್ದೆ ಮಾಡುತ್ತದೆ. ಉತ್ತರ ಎಷ್ಟು ಬೇಗ ಬಂತು ಅಂತ ನೋಡಿ ಕಳ್ಳರು ಏನನ್ನೂ ಊಹಿಸಬಾರದು ಅಂತ. ಅದು ಕರೆಯುವುದು ನ್ಯಾನೋಸ್ಲೀಪ್ ಅನ್ನುವ ಫಂಕ್ಷನ್ನನ್ನು. 2.30ರವರೆಗೆ ಗ್ಲಿಬ್‌ಸಿ ಅದಕ್ಕೆ ನ್ಯಾನೋಸ್ಲೀಪ್ ಅನ್ನುವ ಫಾರಂನ್ನೇ ತುಂಬುತ್ತಿತ್ತು. 2.31ರಲ್ಲಿ ಅರ್ಜಿ ಬರೆಯುವವರು ಪದ್ಧತಿ ಬದಲಿಸಿದರು. ಕೇಳುವುದು ಅದೇ ನಿದ್ದೆ, ತುಂಬುವುದು ಮಾತ್ರ ಕ್ಲಾಕ್-ನ್ಯಾನೋಸ್ಲೀಪ್ ಅನ್ನುವ ಬೇರೆ ಫಾರಂ. ಕಚೇರಿಗೆ ಎರಡೂ ಒಂದೇ. ಕರ್ನಲ್ ತಕರಾರು ಮಾಡಲೇ ಇಲ್ಲ.

ತಕರಾರು ಮಾಡಿದ್ದು ಬಾಗಿಲಲ್ಲಿ ನಿಂತ ಕಾವಲುಗಾರ. ಲಾಗಿನ್ ಆಗುವ ಮೊದಲಿನ ಭಾಗಕ್ಕೆ ನಮ್ಮ ಎಸ್‌ಎಸ್‌ಎಚ್ ಸರ್ವರ್ ಆದ ಓಪನ್‌ಎಸ್‌ಎಸ್‌ಎಚ್ ತಾನೇ ಒಂದು ಬೇಲಿ ಹಾಕಿಕೊಂಡಿರುತ್ತದೆ. ಸೆಕ್‌ಕಾಂಪ್ ಅಂತಾರೆ. "ಈ ಈ ಫಾರಂ ಮಾತ್ರ ಒಳಗೆ ಬಿಡು, ಬೇರೆ ತಂದವನನ್ನು ಅಲ್ಲೇ ಮುಗಿಸು" ಅಂತ ಒಂದು ಪಟ್ಟಿ. ಹಳೇ ಪಟ್ಟಿಯಲ್ಲಿ ಕ್ಲಾಕ್-ನ್ಯಾನೋಸ್ಲೀಪ್ ಇರಲಿಲ್ಲ. ಹೊಸ ಫಾರಂ ಬಂತು, ಕಾವಲುಗಾರ ಪಟ್ಟಿ ನೋಡಿದ, ಪ್ರೊಸೆಸ್ಸನ್ನು ಕೊಂದ. ನನ್ನ ಸಂಪರ್ಕ ಕಡಿಯಿತು. 2020ರ ಫೆಬ್ರವರಿಯ ಓಪನ್‌ಎಸ್‌ಎಸ್‌ಎಚ್ 8.2ರಲ್ಲಿ ಆ ಫಾರಂ ಪಟ್ಟಿಗೆ ಸೇರಿತ್ತು. 32 ಬಿಟ್ ಆರ್ಮ್‌ಗೆ ಬೇಕಾದ 64 ಬಿಟ್ ಸಮಯದ ರೂಪವೂ ಸೇರಿತ್ತು. ನಾನು ಗ್ಲಿಬ್‌ಸಿಯನ್ನು ಮಾತ್ರ ಹೊಸದಾಗಿ ತಂದು ಓಪನ್‌ಎಸ್‌ಎಸ್‌ಎಚ್ಚನ್ನು ಹಳೆಯದರಲ್ಲೇ ಬಿಟ್ಟಿದ್ದೆ. ತಪ್ಪು ಪೂರ್ತಿ ನನ್ನದೇ.

ಇದರಲ್ಲಿ ಯಾರೂ ಮಾತು ಮುರಿದಿರಲಿಲ್ಲ ಅನ್ನುವುದೇ ಸ್ವಾರಸ್ಯ. ನಿದ್ದೆ ಮಾಡಿಸುತ್ತೇನೆ ಅಂತ ಗ್ಲಿಬ್‌ಸಿ ಕೊಟ್ಟ ಮಾತು ಉಳಿದಿತ್ತು. ಯಾವ ಫಾರಂ ಬಳಸುತ್ತೇನೆ ಅಂತ ಅದು ಯಾವತ್ತೂ ಮಾತು ಕೊಟ್ಟಿರಲಿಲ್ಲ. ಸಿ ಲೈಬ್ರರಿ ಬದಲಿಸುವಾಗ ಒಡೆಯುವುದು ಹೆಚ್ಚಾಗಿ ಇಂಥವೇ, ಕೊಡದ ಮಾತನ್ನು ನಂಬಿ ಕೂತಿದ್ದ ಜಾಗಗಳು. 2010ರಲ್ಲಿ ಹೀಗೇ ಒಂದು ದೊಡ್ಡ ಗಲಾಟೆ ಆಗಿತ್ತು. ಒಂದು ಕಡೆಯ ಬೈಟ್‌ಗಳನ್ನು ಇನ್ನೊಂದು ಕಡೆಗೆ ನಕಲು ಮಾಡುವ ಮೆಮ್‌ಕಾಪಿ ಫಂಕ್ಷನ್ನು, ಕೆಲವು ಹೊಸ ಪ್ರೊಸೆಸರ್‌ಗಳಲ್ಲಿ ವೇಗಕ್ಕಾಗಿ ಹಿಂದಿನಿಂದ ಮುಂದಕ್ಕೆ ನಕಲು ಮಾಡತೊಡಗಿತು. ಎರಡು ಜಾಗಗಳು ಒಂದರ ಮೇಲೊಂದು ಬಿದ್ದಿದ್ದರೆ ಮೆಮ್‌ಕಾಪಿ ಬಳಸಬೇಡಿ ಅಂತ ನಿಯಮ ಮೊದಲಿನಿಂದಲೂ ಇದೆ. ಬ್ರೌಸರ್‌ನಲ್ಲಿ ವಿಡಿಯೋ ತೋರಿಸುತ್ತಿದ್ದ ಫ್ಲ್ಯಾಶ್ ಪ್ಲೇಯರ್ ಆ ನಿಯಮ ಮುರಿದಿತ್ತು, ಅದೃಷ್ಟಕ್ಕೆ ನಡೆದುಕೊಂಡು ಹೋಗುತ್ತಿತ್ತು. ಹೊಸ ಗ್ಲಿಬ್‌ಸಿ ಇದ್ದ ಫೆಡೋರಾ 14 ಎಂಬ ಲಿನಕ್ಸ್ ಹಾಕಿಕೊಂಡವರಿಗೆ ಇದ್ದಕ್ಕಿದ್ದ ಹಾಗೆ ವಿಡಿಯೋಗಳ ಶಬ್ದ ಕೆಟ್ಟುಹೋಯಿತು. ತಪ್ಪು ಫ್ಲ್ಯಾಶ್‌ನದೇ ಆದರೂ ಬಳಕೆದಾರನಿಗೆ ಕಂಡದ್ದು ಹೊಸ ಲಿನಕ್ಸ್ ಕೆಟ್ಟಿದೆ ಅಂತ. ಲಿನಕ್ಸ್ ಕರ್ನಲ್ ಶುರು ಮಾಡಿದ ಲಿನಸ್ ಟೋರ್ವಾಲ್ಡ್ಸ್ ಕೂಡ ಆ ಜಗಳದಲ್ಲಿ ಬಳಕೆದಾರನ ಪರ ನಿಂತರು.

ಅದಕ್ಕೆ ಗ್ಲಿಬ್‌ಸಿ ಕಂಡುಕೊಂಡ ಪರಿಹಾರ ನೋಡಿ, ಚೆನ್ನಾಗಿದೆ. ಅದರೊಳಗಿನ ಪ್ರತಿ ಫಂಕ್ಷನ್ನಿಗೂ ಒಂದು ಆವೃತ್ತಿಯ ಚೀಟಿ ಅಂಟಿಸಿರುತ್ತಾರೆ. 2.14ರಲ್ಲಿ ಮೆಮ್‌ಕಾಪಿಗೆ ಹೊಸ ಚೀಟಿ ಹಾಕಿದರು. ಹಳೆಯ ಬೈನರಿಗಳು, ಅಂದರೆ ಮೊದಲೇ ಕಟ್ಟಿಟ್ಟ ಪ್ರೋಗ್ರಾಂಗಳು, ಹಳೇ ಚೀಟಿ ಕೇಳುತ್ತವೆ, ಅವಕ್ಕೆ ಹಳೆಯ ಸೌಮ್ಯ ಮೆಮ್‌ಕಾಪಿ. ಹೊಸದಾಗಿ ಕಟ್ಟಿದವಕ್ಕೆ ಹೊಸದು. ಒಂದೇ ಫೈಲ್‌ನೊಳಗೆ ಎರಡೂ ಇರುತ್ತವೆ. ಹೀಗಾಗಿ ಇಪ್ಪತ್ತು ವರ್ಷ ಹಳೆಯ ಪ್ರೋಗ್ರಾಂ ಇವತ್ತಿನ ಗ್ಲಿಬ್‌ಸಿ ಮೇಲೆ ಓಡುವುದು ಸಾಮಾನ್ಯ.

ಉಲ್ಟಾ ಮಾತ್ರ ನಡೆಯುವುದಿಲ್ಲ. ಇದನ್ನು ಮರೆತು ಪೇಚಾಡಿದವರು ತುಂಬಾ ಜನ. ನಮ್ಮ ಮೋಡೆಮ್ ಜೊತೆ ಒಂದು ಬೈನರಿ ಬರುತ್ತದೆ, ಮೂಲ ಕೋಡ್ ಕೊಡುವುದಿಲ್ಲ. ಒಂದು ಸಲ ಅವರು ಹೊಸ ಆವೃತ್ತಿ ಕಳಿಸಿದರು. ಓಡಿಸಿದರೆ "ಗ್ಲಿಬ್‌ಸಿ 2.34 ಸಿಗಲಿಲ್ಲ" ಅಂತ ಎರರ್. ಅವರು ತಮ್ಮ ಹೊಸ ಕಂಪ್ಯೂಟರಿನಲ್ಲಿ ಕಟ್ಟಿದ್ದರು, ನಮ್ಮ ಪೆಟ್ಟಿಗೆಯಲ್ಲಿ ಇನ್ನೂ 2.31 ಇತ್ತು. 2021ರ ಆಗಸ್ಟಿನಲ್ಲಿ ಬಂದ ಈ 2.34 ಒಂದು ದೊಡ್ಡ ಗಡಿ. ಥ್ರೆಡ್‌ಗಳಿಗೆ ಇದ್ದ ಬೇರೆ ಲೈಬ್ರರಿಯನ್ನು ಆವತ್ತು ಮುಖ್ಯ ಲೈಬ್ರರಿಯೊಳಗೇ ಸೇರಿಸಿದರು. ಪ್ರೋಗ್ರಾಂ ಶುರುವಾಗುವ ಕ್ರಮಕ್ಕೂ ಹೊಸ ಚೀಟಿ ಬಂತು. ಹಾಗಾಗಿ "ಹಲೋ" ಅಂತ ಪ್ರಿಂಟ್ ಮಾಡುವ ನಾಲ್ಕು ಸಾಲಿನ ಪ್ರೋಗ್ರಾಂ ಕೂಡ, 2.34ರಲ್ಲಿ ಕಟ್ಟಿದರೆ 2.33ರಲ್ಲಿ ಏಳುವುದೇ ಇಲ್ಲ.

ಇನ್ನು ಬಿಲ್ಡ್ ಸಿಸ್ಟಂ. ನಾವು ಬಳಸುವುದು ಯೋಕ್ಟೊ. ಉಬುಂಟುವಿನ ಹಾಗೆ ಸಿದ್ಧ ಪ್ಯಾಕೇಜು ಇಳಿಸಿಕೊಳ್ಳುವುದಲ್ಲ ಇದು. ಕರ್ನಲ್‌ನಿಂದ ಹಿಡಿದು ನಮ್ಮ ಮಳೆ ಎಣಿಸುವ ಪ್ರೋಗ್ರಾಂವರೆಗೆ ಎಲ್ಲವನ್ನೂ ಮೂಲ ಕೋಡ್‌ನಿಂದ ನಮ್ಮ ಕಂಪ್ಯೂಟರಿನಲ್ಲೇ ಕಟ್ಟುತ್ತದೆ. ಪ್ರತಿಯೊಂದಕ್ಕೂ ಒಂದು ರೆಸಿಪಿ. ರೆಸಿಪಿ ಓದಿ ಅಡುಗೆ ಮಾಡುವುದು ಬಿಟ್‌ಬೇಕ್ ಅನ್ನುವ ಪ್ರೋಗ್ರಾಂ.

ಇಲ್ಲಿ ಒಂದು ತಮಾಷೆಯ ತೊಡಕಿದೆ. ಗ್ಲಿಬ್‌ಸಿ ಕಟ್ಟಲು ಕಂಪೈಲರ್ ಬೇಕು. ಆದರೆ ಪೂರ್ತಿ ಕಂಪೈಲರ್ ಸಿದ್ಧವಾಗಬೇಕಾದರೆ ಅದಕ್ಕೆ ಗ್ಲಿಬ್‌ಸಿ ಬೇಕು. ಮೊಸರು ಮಾಡಲು ಮೊಸರು ಬೇಕು, ಅಲ್ವಾ? ಇಲ್ಲೂ ಹೆಪ್ಪು ಹಾಕಿಯೇ ಶುರು. ಮೊದಲು ಬಿನ್‌ಯುಟಿಲ್ಸ್ ಅನ್ನುವ ಟೂಲ್‌ಗಳು, ಕರ್ನಲ್ ಹೆಡರ್‌ಗಳು, ಆಮೇಲೆ ಕಂಪೈಲರ್ ಆದ ಜಿಸಿಸಿ. ಜೊತೆಗೆ ಲಿಬ್‌ಜಿಸಿಸಿ ಅನ್ನುವುದರ ಒಂದು ಅರೆಬರೆ ರೂಪ. ಹೆಪ್ಪು ಅದೇ. ಅದನ್ನಿಟ್ಟುಕೊಂಡು ಗ್ಲಿಬ್‌ಸಿ ಕಟ್ಟುತ್ತದೆ. ಗ್ಲಿಬ್‌ಸಿ ಆದ ಮೇಲೆ ಸಿ++ ಲೈಬ್ರರಿಯೂ ಸೇರಿದಂತೆ ಪೂರ್ತಿ ಜಿಸಿಸಿ ರನ್‌ಟೈಮ್. ಅದಾದ ಮೇಲೆ ಉಳಿದ ಊರೆಲ್ಲ.

ಪ್ರತಿ ರೆಸಿಪಿಯ ಫಲಿತಾಂಶವನ್ನು ಬಿಟ್‌ಬೇಕ್ ಒಂದು ಗುರುತಿನೊಂದಿಗೆ ಎತ್ತಿಡುತ್ತದೆ. ಆ ಗುರುತಿನಲ್ಲಿ ಕೆಳಗಿರುವವರ ಗುರುತೂ ಸೇರಿರುತ್ತದೆ. ಗ್ಲಿಬ್‌ಸಿ ಎಲ್ಲರ ಕೆಳಗಿದೆ. ಅದನ್ನು ಮುಟ್ಟಿದರೆ ಎತ್ತಿಟ್ಟದ್ದು ಬಹುತೇಕ ಕೆಲಸಕ್ಕೆ ಬರುವುದಿಲ್ಲ, ಮತ್ತೆ ಮೊದಲಿನಿಂದ ಕಟ್ಟಬೇಕು. ನನ್ನ ಕಂಪ್ಯೂಟರಿನಲ್ಲಿ ಇದು ರಾತ್ರಿಯಿಡೀ ನಡೆಯುವ ಕೆಲಸ. ಮಳೆಗಾಲದಲ್ಲಿ ನಡುರಾತ್ರಿ ಕರೆಂಟು ಹೋಗಿ ಯುಪಿಎಸ್ ಕುಯ್ಯೋ ಅಂದದ್ದು ಎಷ್ಟು ಸಲವೋ. ಪುಣ್ಯಕ್ಕೆ ಬಿಟ್‌ಬೇಕ್ ನಿಂತಲ್ಲಿಂದ ಮುಂದುವರಿಯುತ್ತದೆ.

ಆವೃತ್ತಿ ಬದಲಿಸುವವರು ಆ ಒಂದು ಸಾಲಿನ ಜೊತೆ ಇನ್ನಷ್ಟು ನೋಡಬೇಕು. ಯೋಕ್ಟೊದಲ್ಲಿ ಗ್ಲಿಬ್‌ಸಿಗೆ ಅಣ್ಣತಮ್ಮಂದಿರು ಹಲವರು. ಭಾಷೆಗಳ ಲೊಕೇಲ್ ಸಿದ್ಧಪಡಿಸುವ ರೆಸಿಪಿ ಬೇರೆ, ಅದಕ್ಕೆ ಕಂಪ್ಯೂಟರಿನಲ್ಲಿ ಓಡುವ ಟೂಲ್ ಬೇರೆ, ಟೆಸ್ಟ್‌ಗಳದ್ದು ಬೇರೆ. ಎಲ್ಲವೂ ಒಂದೇ ಆವೃತ್ತಿಯಲ್ಲಿರಬೇಕು. ಜೊತೆಗೆ ಇಪ್ಪತ್ತರ ಆಸುಪಾಸಿನ ಪ್ಯಾಚ್‌ಗಳು. ಹೊಸ ಕೋಡ್ ಮೇಲೆ ಕೆಲವು ಕೂರುವುದಿಲ್ಲ, ಕೆಲವು ಮೂಲದಲ್ಲೇ ಸೇರಿಹೋಗಿ ಅನಗತ್ಯವಾಗಿರುತ್ತವೆ. ಒಂದೊಂದನ್ನೂ ಕೂತು ನೋಡುವುದೇ ನಿಜವಾದ ಕೆಲಸ.

ಆಮೇಲೆ ಬೇರೆಯವರ ಕೋಡ್ ಒಡೆಯುವ ಸರದಿ. ನನ್ನ 2.31ರ ಸಾಹಸದಲ್ಲಿ ಎಸ್‌ಎಸ್‌ಎಚ್‌ಗೂ ಮೊದಲು, ಬಿಲ್ಡ್ ಹಂತದಲ್ಲೇ ಬಿದ್ದದ್ದು ಬಿಸಿಬಾಕ್ಸ್, ಹಲವು ಸಣ್ಣ ಕಮಾಂಡ್‌ಗಳನ್ನು ಒಂದರಲ್ಲೇ ತುಂಬಿದ ಪ್ರೋಗ್ರಾಂ. ಗಡಿಯಾರದ ಸಮಯ ಬದಲಿಸುವ ಎಸ್‌ಟೈಮ್ ಅನ್ನುವ ಹಳೇ ಫಂಕ್ಷನ್ನನ್ನು ಅದು ಬಳಸುತ್ತಿತ್ತು. 2.31ರಲ್ಲಿ ಅದನ್ನು ಹೊಸಬರಿಗೆ ಮುಚ್ಚಿದರು. ಹಳೆಯ ಬೈನರಿಗಳಿಗೆ ಈಗಲೂ ಇದೆ, ಹೊಸದಾಗಿ ಕಟ್ಟುವವರಿಗೆ ಇಲ್ಲ. ಇಂಥವು ಪ್ರತಿ ಆವೃತ್ತಿಯಲ್ಲೂ ಇರುತ್ತವೆ. 2.30ರಲ್ಲಿ ಗೆಟ್‌ಟಿಐಡಿ ಅಂತ ಹೊಸ ಫಂಕ್ಷನ್ ಸೇರಿಸಿದಾಗ, ಅದೇ ಹೆಸರಿನಲ್ಲಿ ತಮ್ಮದೇ ಫಂಕ್ಷನ್ ಬರೆದುಕೊಂಡಿದ್ದವರ ಬಿಲ್ಡ್ ನಿಂತಿತು. 2.32ರಲ್ಲಿ, ಬೇರೆ ಕಂಪ್ಯೂಟರಿನ ಫಂಕ್ಷನ್ ಕರೆಯಲು ಇದ್ದ ಹಳೆಯ ಸನ್ ಆರ್‌ಪಿಸಿ ಹೋಯಿತು. ಬಿಲ್ಡ್ ಒಡೆದರೆ ನನಗೆ ಬೇಜಾರಿಲ್ಲ. ಮೇಜಿನ ಮೇಲೇ ಒಡೆಯಿತಲ್ಲ! ಕಟ್ಟುವಾಗ ಸುಮ್ನಿದ್ದು ತೋಟಕ್ಕೆ ಹೋದ ಮೇಲೆ ಕೈಕೊಡುವುದಕ್ಕೇ ನಾನು ಹೆದರುವುದು.

ಇಷ್ಟು ಕಷ್ಟ ಇದ್ದ ಮೇಲೆ ಮುಟ್ಟದೇ ಇದ್ದರಾಯಿತು ಅನ್ನಿಸಬಹುದು. ಓಡುತ್ತಿರುವ ಗಾಡಿ ಯಾಕೆ ಬಿಚ್ಚಬೇಕು? ಎರಡು ಹಳೇ ಕಥೆ ಹೇಳುತ್ತೇನೆ, ಎರಡೂ ಬೇರೆ ಬೇರೆ ದಿಕ್ಕಿಗೆ ಎಳೆಯುತ್ತವೆ. ಹೆಸರನ್ನು ಕೊಟ್ಟು ಐಪಿ ವಿಳಾಸ ಕೇಳುವ ಫಂಕ್ಷನ್ನಿನಲ್ಲಿ 2000ನೇ ಇಸವಿಯಿಂದ ಒಂದು ದೋಷವಿತ್ತು. 2013ರಲ್ಲಿ ಅದನ್ನು ಸರಿಪಡಿಸಿದರು, ಆದರೆ ಭದ್ರತೆಯ ಸಮಸ್ಯೆ ಅಂತ ಯಾರಿಗೂ ಹೊಳೆಯಲಿಲ್ಲ. ಹಾಗಾಗಿ ಹಳೇ ಆವೃತ್ತಿಯಲ್ಲಿ ಕೂತವರಿಗೆ ಆ ಪ್ಯಾಚ್ ತಲುಪಲಿಲ್ಲ. 2015ರ ಜನವರಿಯಲ್ಲಿ ಅದು ಘೋಸ್ಟ್ ಅನ್ನುವ ಹೆಸರಿನಲ್ಲಿ ಹೊರಬಿದ್ದಾಗ ಎಲ್ಲರೂ ಓಡಾಡಿದರು. ಇನ್ನೊಂದು, 2023ರ ಅಕ್ಟೋಬರಿನ ಲೂನಿ ಟ್ಯೂನಬಲ್ಸ್. ಮಾಮೂಲಿ ಬಳಕೆದಾರ ರೂಟ್, ಅಂದರೆ ಸಿಸ್ಟಂನ ಪೂರ್ತಿ ಒಡೆಯ, ಆಗಿಬಿಡಬಹುದಾದ ದೋಷ. ಅದು ಹುಟ್ಟಿದ್ದೇ 2.34ರಲ್ಲಿ. 2.33ರಲ್ಲಿ ಕೂತವರಿಗೆ ಅದರ ಬಿಸಿ ತಟ್ಟಲೇ ಇಲ್ಲ. ಘೋಸ್ಟ್‌ನಲ್ಲಿ ಸಿಕ್ಕಿಬಿದ್ದವರು ಕೂತಲ್ಲೇ ಕೂತವರು, ಇದರಲ್ಲಿ ಮುಂದೆ ಹೋದವರು.

ಹಾಗಾದರೆ ದಾರಿ? ಗ್ಲಿಬ್‌ಸಿಯವರು ವರ್ಷಕ್ಕೆ ಎರಡು ಆವೃತ್ತಿ ಬಿಡುತ್ತಾರೆ, ಫೆಬ್ರವರಿ ಮತ್ತು ಆಗಸ್ಟಿನ ಆಸುಪಾಸಿನಲ್ಲಿ. ಬಿಟ್ಟ ಮೇಲೆ ಪ್ರತಿ ಆವೃತ್ತಿಗೂ ಒಂದು ಬೇರೆ ಕವಲು ಇಟ್ಟುಕೊಂಡು, ದೋಷ ತಿದ್ದಿದ್ದನ್ನು ಮಾತ್ರ ಅದಕ್ಕೆ ಸೇರಿಸುತ್ತಾರೆ. ಯೋಕ್ಟೊದ ದೀರ್ಘ ಬೆಂಬಲದ ಬಿಡುಗಡೆಗಳು ಒಂದೊಂದು ಕವಲನ್ನು ಹಿಡಿದುಕೊಂಡಿರುತ್ತವೆ. 2020ರ ಡನ್‌ಫೆಲ್‌ನಲ್ಲಿ 2.31, 2022ರ ಕರ್ಕ್‌ಸ್ಟೋನ್‌ನಲ್ಲಿ 2.35, 2024ರ ಸ್ಕಾರ್ತ್‌ಗ್ಯಾಪ್‌ನಲ್ಲಿ 2.39. ಒಂದು ಬಿಡುಗಡೆಯೊಳಗಿನ ಅಪ್‌ಡೇಟ್ ಅಂದರೆ ಆ ಕವಲಿನಲ್ಲಿ ಎಲ್ಲಿಯವರೆಗಿನ ಕೋಡ್ ಬೇಕು ಅಂತ ಹೇಳುವ ಗಿಟ್‌ನ ಒಂದು ಹ್ಯಾಶ್ ಬದಲಾಗುವುದು, ಅಷ್ಟೇ. ಫಂಕ್ಷನ್‌ಗಳ ಚೀಟಿಗಳು ಅವೇ, ದೋಷ ಮಾತ್ರ ಕಡಿಮೆ. ಇದನ್ನು ನಾನು ಈಗ ತಡಮಾಡದೆ ತೆಗೆದುಕೊಳ್ಳುತ್ತೇನೆ. ಆದರೆ 2.35ರಿಂದ 2.39ಕ್ಕೆ ಹೋಗುವುದು ಬೇರೆಯೇ ಜಾತಿಯ ಕೆಲಸ. ಅದನ್ನು ಇಡೀ ಬಿಡುಗಡೆಯ ಜೊತೆಗೇ ಮಾಡಬೇಕು. ಆಗ ಬಿಸಿಬಾಕ್ಸ್, ಓಪನ್‌ಎಸ್‌ಎಸ್‌ಎಚ್, ಕರ್ನಲ್ ಹೆಡರ್ ಎಲ್ಲ ಒಟ್ಟಿಗೆ ಕೂತು ಪರೀಕ್ಷೆಯಾಗಿ ಬಂದಿರುತ್ತವೆ. ನನ್ನ ಹಾಗೆ ಒಂದನ್ನೇ ಕಿತ್ತು ತರಬೇಡಿ.

ಬಿಲ್ಡ್ ಕಂಪ್ಯೂಟರಿಗೂ ತನ್ನದೇ ಗ್ಲಿಬ್‌ಸಿ ಇದೆ ಅನ್ನುವುದು ಹೊಸಬರಿಗೆ ಗೊಂದಲ. ಪೆಟ್ಟಿಗೆಯದ್ದಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೂ ಕಂಪ್ಯೂಟರಿಗೆ ಹೊಸ ಉಬುಂಟು ಹಾಕಿದಾಗ ಹಳೇ ಯೋಕ್ಟೊ ಮುನಿಸಿಕೊಳ್ಳುವುದುಂಟು. ಬಿಲ್ಡ್ ಟೂಲ್‌ಗಳಿಗಾಗಿ ಯೋಕ್ಟೊ ಯೂನಿನೇಟಿವ್ ಅಂತ ತನ್ನದೇ ಒಂದು ಗ್ಲಿಬ್‌ಸಿ ತರುತ್ತದೆ. ಅದು ಉಬುಂಟುವಿನದಕ್ಕಿಂತ ಹಳೆಯದಾದರೆ ಅದನ್ನೂ ಹೊಸದು ಮಾಡಬೇಕು.

ನಮ್ಮಂಥವರು ಮುಂದೆ ಹೋಗಲೇಬೇಕಾದ ಇನ್ನೊಂದು ಕಾರಣ ಸಮಯ. 32 ಬಿಟ್ ಬೋರ್ಡುಗಳಲ್ಲಿ ಸಮಯವನ್ನು 1970ರಿಂದ ಕಳೆದ ಸೆಕೆಂಡುಗಳಾಗಿ 32 ಬಿಟ್‌ನಲ್ಲಿ ಎಣಿಸುತ್ತಿದ್ದರು. 2038ರ ಜನವರಿ 19ರ ಬೆಳಿಗ್ಗೆ, ನಮ್ಮ ಸಮಯ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಆ ಲೆಕ್ಕ ತುಂಬುತ್ತದೆ. ಮರುಕ್ಷಣ ಗಡಿಯಾರ 1901ಕ್ಕೆ ಹಾರುತ್ತದೆ. ದೂರ ಅನ್ನಿಸಬಹುದು. ಈ ವರ್ಷ ನೆಟ್ಟ ಅಡಿಕೆ ಸಸಿ ಆ ಹೊತ್ತಿಗೆ ಒಳ್ಳೆ ಫಸಲಿನಲ್ಲಿರುತ್ತದೆ. ಗ್ಲಿಬ್‌ಸಿ 2.34ರಿಂದ 32 ಬಿಟ್‌ನಲ್ಲೂ 64 ಬಿಟ್ ಸಮಯ ಕೇಳಬಹುದು. ಆದರೆ ಕೇಳಬೇಕು, ತಾನಾಗಿ ಬರುವುದಿಲ್ಲ. ಎಲ್ಲ ಪ್ಯಾಕೇಜುಗಳನ್ನೂ ಒಟ್ಟಿಗೆ ಆ ಆಯ್ಕೆಯೊಂದಿಗೆ ಕಟ್ಟಬೇಕು. ಒಂದು ಲೈಬ್ರರಿ 64 ಬಿಟ್ ಸಮಯ ಕೊಟ್ಟು, ಪಕ್ಕದವರು 32 ಅಂತ ಓದಿದರೆ ಪಾವು ಸೇರಿನ ಲೆಕ್ಕ ಕಲಸಿಹೋಗುತ್ತದೆ. ಮಸ್ಲ್‌ನವರು 2020ರ 1.2.0ರಲ್ಲಿ ಆಯ್ಕೆಯನ್ನೇ ಕೊಡದೆ ಎಲ್ಲರನ್ನೂ 64ಕ್ಕೆ ತಂದರು. ಹೊಸದಾಗಿ ಎಲ್ಲವನ್ನೂ ಕಟ್ಟುವವರಿಗೆ ಅದೇ ಸರಳ ಅಂತ ನನಗನ್ನಿಸುತ್ತದೆ. ಗ್ಲಿಬ್‌ಸಿ ಹಳೇ ಬೈನರಿಗಳ ಭಾರ ಹೊತ್ತಿದೆ, ಹಾಗೆ ಮಾಡುವಂತಿಲ್ಲ.

ಕೊನೆಗೆ ಪೆಟ್ಟಿಗೆಗೆ ಕಳಿಸುವುದು. ಓಡುತ್ತಿರುವ ಸಿಸ್ಟಂನಲ್ಲಿ ಗ್ಲಿಬ್‌ಸಿಯ ಮುಖ್ಯ ಫೈಲ್ ಆದ ಲಿಬ್‌ಸಿ ಒಂದನ್ನೇ ನಕಲು ಮಾಡಿ ಹಾಕಲು ಹೋಗಬೇಡಿ. ನಾನು ಮೇಜಿನ ಮೇಲಿದ್ದ ಬೋರ್ಡಿನಲ್ಲಿ ಮಾಡಿ ನೋಡಿದ್ದೇನೆ. ಪ್ರೋಗ್ರಾಂಗಳನ್ನು ಏಳಿಸುವ ಲೋಡರ್ ಮತ್ತು ಲಿಬ್‌ಸಿ ಒಂದೇ ಬಿಲ್ಡಿನವು ಆಗಿರಬೇಕು. ಲೋಡರ್ ಹಳೆಯದು, ಲಿಬ್‌ಸಿ ಹೊಸದು ಆದ ಕೂಡಲೇ ಫೈಲ್ ಪಟ್ಟಿ ತೋರಿಸುವ ಎಲ್‌ಎಸ್ ಓಡಲಿಲ್ಲ. ನಕಲು ಮಾಡುವ ಸಿಪಿ ಓಡಲಿಲ್ಲ. ರೀಬೂಟ್ ಕಮಾಂಡ್ ಕೂಡ ಓಡಲಿಲ್ಲ. ಕಮಾಂಡ್ ಬರೆಯುವ ಶೆಲ್ ಮಾತ್ರ ಮೊದಲೇ ಮೆಮೊರಿಯಲ್ಲಿ ಇದ್ದದ್ದರಿಂದ ಬದುಕಿತ್ತು. ಅದರೊಳಗಿನ, ಬರೆದದ್ದನ್ನೇ ಮತ್ತೆ ತೋರಿಸುವ ಎಕೋ ಕೆಲಸ ಮಾಡುತ್ತಿತ್ತು. ಎಕೋ ಒಂದನ್ನೇ ಇಟ್ಟುಕೊಂಡು ಏನು ಮಾಡುವುದು? ಪವರ್ ಕಿತ್ತು ಎಸ್‌ಡಿ ಕಾರ್ಡ್ ಹೊರಗೆ ತೆಗೆದೆ.

ಅದಕ್ಕೇ ಈಗ ಪೆಟ್ಟಿಗೆಯಲ್ಲಿ ಎರಡು ರೂಟ್ ಪಾರ್ಟಿಷನ್‌ಗಳಿವೆ. ಒಂದರಲ್ಲಿ ಓಡುತ್ತಿರುತ್ತದೆ, ಇನ್ನೊಂದಕ್ಕೆ ಹೊಸ ಇಮೇಜ್ ಇಡಿಯಾಗಿ ಬರೆಯುತ್ತೇವೆ. ಬೂಟ್‌ಲೋಡರ್ ಹೊಸದನ್ನು ಮೂರು ಸಲ ಏಳಿಸಿ ನೋಡುತ್ತದೆ. "ನಾನು ಚೆನ್ನಾಗಿದ್ದೇನೆ" ಅನ್ನುವ ಗುರುತು ಬೀಳದಿದ್ದರೆ ಹಳೆಯದಕ್ಕೆ ವಾಪಸ್. ನಿಜ ಹೇಳಬೇಕೆಂದರೆ 2020ರಲ್ಲೂ ಈ ಏರ್ಪಾಡು ಇತ್ತು. ಆದರೆ ಆಗ ಚೆನ್ನಾಗಿರುವುದು ಅಂದರೆ ಮಳೆಯ ಲೆಕ್ಕ ಸರ್ವರಿಗೆ ತಲುಪುವುದು ಅಂತ ಬರೆದಿದ್ದೆ. ಲೆಕ್ಕ ತಲುಪುತ್ತಿತ್ತು, ಹಾಗಾಗಿ ಪೆಟ್ಟಿಗೆ ವಾಪಸ್ ಹೋಗಲಿಲ್ಲ. ಈಗ ಆ ಪರೀಕ್ಷೆಯಲ್ಲಿ ಇನ್ನೊಂದು ಹೆಜ್ಜೆ ಸೇರಿಸಿದ್ದೇನೆ. ಪೆಟ್ಟಿಗೆ ಎದ್ದ ಮೇಲೆ ಸರ್ವರ್ ಅದಕ್ಕೆ ಎಸ್‌ಎಸ್‌ಎಚ್ ಮೂಲಕ ಲಾಗಿನ್ ಆಗಿ, ಗುರುತು ತಾನೇ ಹಾಕಿ ಬರಬೇಕು. ಆವೃತ್ತಿ ಜಿಗಿತವನ್ನು ಮಾರ್ಚ್‌ನಲ್ಲೇ ಮುಗಿಸುತ್ತೇವೆ. ಮೊದಲು ರಸ್ತೆ ಪಕ್ಕದ ತೋಟದ ಪೆಟ್ಟಿಗೆಗೆ, ಎರಡು ವಾರ ಬಿಟ್ಟು ಉಳಿದ ಎಂಟಕ್ಕೆ.